ಅಮಾವಾಸ್ಯೆಗೊಮ್ಮೆ ಆಯಿಲ್

ಕಾರಿನ ಇಂಜಿನ್ನಿಗೂ ಅಮಾವಾಸ್ಯೆ ಇರುತ್ತದೆಂದು ನಿಮಗೆ ಗೊತ್ತೇ? ಇಲ್ಲದಿದ್ದರೆ ಪಾಲಬಾವಿಗೆ ಬಂದು ನನ್ನ ಸೋದರಮಾವನನ್ನು ಕೇಳಿ! ತನ್ನ ಹೆಂಡತಿಯನ್ನು, ಅಂದರೆ ನನ್ನ ಅತ್ತೆಯನ್ನು, ವಾರಕ್ಕೆರಡು ಸಲ ಮಿರಜಿಗೆ ಡಯಾಲಿಸಿಸ್‌ಗೆ ಕರೆದೊಯ್ಯಲೆಂದು ಹಳೆಯದೊಂದು ಡೀಸೆಲ್ ಕಾರು ತಂದಾಗಿನಿಂದ ಅವನಿಗೆ ಜಗತ್ತಿನಲ್ಲಿ ಉಳಿದಿರುವುದು ಒಂದೇ ಪ್ರಶ್ನೆ. ಆಯಿಲ್ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು, ಡೀಸೆಲ್ ಫಿಲ್ಟರ್ ಎಷ್ಟು ದಿನಕ್ಕೊಮ್ಮೆ?

ಚಿಕ್ಕೋಡಿಯ ಗ್ಯಾರೇಜಿನ ಮಿಸ್ತ್ರಿ ಸರಿಯಾಗಿಯೇ ಹೇಳಿದ್ದ. “ಆಯಿಲ್ ಹತ್ತ ಸಾವಿರ ಕಿಲೋಮೀಟರಿಗೊಮ್ಮೆ, ಇಲ್ಲಾ ವರ್ಷಕ್ಕೊಮ್ಮೆ ರೀ. ಯಾವ್ದ ಮೊದಲ ಬರತೈತಿ, ಅದು.”

“ಮೊದಲ ಅಮಾಸಿ ಬರತೈತಲ್ಲೋ!” ಎಂದ ಮಾಮಾ.

ಎತ್ತುಗಳ ಮೈ ತೊಳೆಯುವುದೂ ಟ್ರ್ಯಾಕ್ಟರಿಗೆ ಕಾಯಿ ಒಡೆಯುವುದೂ ಅಂದೇ ಆಗಿರುವಾಗ ಕಾರು ಮಾತ್ರ ಏನು ಪಾಪ ಮಾಡಿತ್ತು? ಡೀಸೆಲ್ ಗಾಡಿಯ ಆಯಿಲ್ ಹಾಕಿದ ವಾರದಲ್ಲೇ ಕಪ್ಪಾಗುತ್ತದೆ, ಕಪ್ಪಾದರೂ ಕೆಲಸ ಮಾಡುತ್ತದೆ ಎಂದರೆ ಇವನು ಕೇಳಬೇಕಲ್ಲ! ದಿನಾ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಹಿರಿಯುತ್ತಾನೆ, ಮೂಸುತ್ತಾನೆ, ಧೋತರಕ್ಕೆ ಒರೆಸುತ್ತಾನೆ. ಅಮಾವಾಸ್ಯೆಗೊಮ್ಮೆ ಬಸಿದ ಆಯಿಲನ್ನು ಓಣಿಯ ಮನೆಮನೆಗೂ ಹಂಚಿದ್ದರಿಂದ ಈಗ ಅಲ್ಲಿ ಒಂದು ಬಾಗಿಲೂ ಕಿರುಗುಟ್ಟುವುದಿಲ್ಲ.

ಎಮ್ಮೆ ನೋಡಲು ಬಂದ ದನದ ಡಾಕ್ಟರರನ್ನೂ ಅವನು ಬಿಡಲಿಲ್ಲ.

“ಎಮ್ಮಿಗೆ ಮೂರ ತಿಂಗಳಿಗೊಮ್ಮೆ ಜಂತಿನ ಔಷಧ ಹಾಕ್ತೀರಿ. ಇಂಜನ್ನಿಗೆ ವರ್ಷ ಕಾಯೂದಂದ್ರ ಹೆಂಗ್ರಿ?”

“ಗಾಡಿ ಹೊಲದಾಗ ಮೇಯಾಕ ಹೋಗೂದಿಲ್ಲಲ್ರೀ!” ಎಂದರು ಡಾಕ್ಟರು.

ಒಂದು ಶುಕ್ರವಾರ ನಾನೂ ಮಿರಜಿಗೆ ಜೊತೆಗೆ ಹೋದೆ. ಅತ್ತೆಯ ಪಕ್ಕದ ಯಂತ್ರವನ್ನೇ ದಿಟ್ಟಿಸುತ್ತಿದ್ದ ಮಾಮಾ ನರ್ಸನ್ನು ಕೇಳಿದ, “ಸಿಸ್ಟರ್, ಇದರ ಫಿಲ್ಟರ್ ಚಲೋ ಐತಿಲ್ರೀ?”

“ಕಾಕಾ, ಇದ ನಿಮ್ಮ ಗಾಡಿ ಅಲ್ರೀ!” ಎಂದು ಆಕೆ ನಕ್ಕು ನಮ್ಮಿಬ್ಬರನ್ನೂ ಹೊರಗೆ ಕಳಿಸಿದಳು.

ಬೆಂಚಿನ ಮೇಲೆ ಕೂತು ನಾನೂ ಕೆಣಕಿದೆ. “ಮಾಮಾ, ವರ್ಷಕ್ಕೊಮ್ಮೆ ಸಾಕು ಅಂತ ಎಲ್ಲಾರೂ ಹೇಳ್ತಾರ. ನಿನಗ್ಯಾಕ ಈ ಹುಚ್ಚು?”

ಅವನು ಮುಚ್ಚಿದ ಬಾಗಿಲ ಕಡೆ ಕೈ ತೋರಿದ.

“ಮನ್ಯಾಗ ಕುಂತಿರೂ ನಿಮ್ಮ ಅತ್ತಿ ರಕ್ತಾನ ವಾರಕ್ಕ ಎರಡ ಸಲ ತೊಳೀಬೇಕಾಗೈತಿ. ಧೂಳಾಗ ಓಡೂ ಗಾಡಿಗೆ ವರ್ಷಕ್ಕೊಮ್ಮೆ ಹೆಂಗ ಸಾಕಾಗತೈತಿ, ನೀನ ಹೇಳ. ಇದು ನಡು ಹಾದ್ಯಾಗ ನಿಂತ್ರ ಅಕಿ ಉಳಿಯೂದಿಲ್ಲೋ.”

ಇಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಒಳಗೆ ಯಂತ್ರ ತಿರುಗುತ್ತಿತ್ತು. ಅದು ನಿಲ್ಲುವವರೆಗೂ ಮಾಮಾನ ಕೈ ಹಿಡಿದು ಕೂತೆ.