ಪ್ರಶ್ನೆ ಚಿಹ್ನೆಯಾದ ವರ

“ಗಂಡು ತೋರ್ಸಿ ಅಂದ್ರೆ ಪ್ರಶ್ನೆಪತ್ರಿಕೆ ಕಳ್ಸಿದ್ದೀರಲ್ಲಮ್ಮ,” ಎಂದು ಮಹದೇವಯ್ಯ ಮೊಬೈಲನ್ನು ಮೇಜಿನ ಮೇಲೆ ತಳ್ಳಿದರು.

ಲಕ್ಷ್ಮೀಪುರಂನಲ್ಲಿ ವಧೂವರ ಕೇಂದ್ರ ನಡೆಸುವ ದಾಕ್ಷಾಯಣಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. ಹೋದ ವಾರ ಕೇಂದ್ರದಿಂದ ಹೋದ ಇಮೇಲ್ ಅದು. ವರನ ಹೆಸರು, ಊರು, ಕೆಲಸ ಇರಬೇಕಾದ ಕಡೆಯೆಲ್ಲ ಪ್ರಶ್ನೆ ಚಿಹ್ನೆಗಳು ಸಾಲುಗಟ್ಟಿ ನಿಂತಿದ್ದವು. ಉಳಿದದ್ದು ಅಂಕಿಗಳು ಮಾತ್ರ: ಒಂದು 31, ಒಂದು 2, ಕೊನೆಗೆ ಫೋನ್ ನಂಬರು.

— ಮೂವತ್ತೊಂದು ವಯಸ್ಸು, ಸರಿ. ಈ ಎರಡು? ಎರಡನೇ ಮದ್ವೆನಾ?

— ಅಯ್ಯೋ, ಇಬ್ರು ಅಕ್ಕಂದ್ರು ಕಣ್ರೀ.

— ಮಗಳಿಗೂ ಇದೇ ಹೋಗಿದೆ. ಅವಳು ಏನಂದ್ಕೊಂಡಳೋ.

ದಾಕ್ಷಾಯಣಮ್ಮ ಪಕ್ಕಕ್ಕೆ ತಿರುಗಿದರು. ಹದಿನೈದು ದಿನದಿಂದ ಎಲ್ಲರಿಗೂ ಇಮೇಲ್ ಹೋಗುತ್ತಿದ್ದದ್ದು ತಂಗಿಯ ಮಗ ಪ್ರಸನ್ನ ಬರೆದ ಪ್ರೋಗ್ರಾಮಿನಿಂದ. ಅವನು ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದ.

— ಇಲ್ಲಿ ಮುತ್ತಿನಂಗೆ ಕಾಣ್ತಿದೆಯಲ್ಲ, ದೊಡ್ಡಮ್ಮ.

— ನಿನ್ ಹತ್ರ ಕಂಡ್ರೆ ಏನ್ ಬಂತೋ? ಹೆಣ್ಣಿರೋದು ಅವರ ಮನೇಲಿ.

ಪ್ರಸನ್ನ ತಲೆ ಕೆರೆದುಕೊಂಡ. ಅಕ್ಷರಗಳನ್ನು ಯಾವ ಸಂಕೇತಪದ್ಧತಿಯಲ್ಲಿ, ಅಂದರೆ ಯಾವ ಎನ್‌ಕೋಡಿಂಗಿನಲ್ಲಿ ಕಳಿಸಬೇಕೆಂದು ಪ್ರೋಗ್ರಾಮಿಗೆ ತಾನು ಹೇಳಿಯೇ ಇರಲಿಲ್ಲವೆಂದು ಒಪ್ಪಿಕೊಂಡ. ಹೇಳದಿದ್ದರೆ ಅದು ಎಲ್ಲವನ್ನೂ ಇಂಗ್ಲಿಷ್ ಎಂದೇ ತಿಳಿಯುತ್ತದಂತೆ. ಗುರುತು ಸಿಗದ ಅಕ್ಷರಕ್ಕೆಲ್ಲ ಪ್ರಶ್ನೆ ಚಿಹ್ನೆ ಹಾಕಿಬಿಡುತ್ತದಂತೆ.

— ಗುರುತಿಲ್ಲದಿದ್ರೆ ಯಾರು ಅಂತ ಕೇಳ್ಬೇಕು. ಮುಖಕ್ಕೆ ಮಸಿ ಬಳಿಯೋದಾ? ಎಂದರು ದಾಕ್ಷಾಯಣಮ್ಮ.

ಅವನು ಕನ್ನಡವೂ ಗೊತ್ತಿರುವ ಯುಟಿಎಫ್-8 ಎಂಬ ಎನ್‌ಕೋಡಿಂಗ್ ಸೇರಿಸಿ ಮತ್ತೆ ಕಳಿಸಿದ. ಒಳಗಿನ ವಿವರ ಕನ್ನಡವಾಯಿತು, ಆದರೆ ಮೇಲಿನ ಸಬ್ಜೆಕ್ಟ್ ಸಾಲು ಇನ್ನೂ ಪ್ರಶ್ನೆ ಚಿಹ್ನೆಯಾಗಿಯೇ ಇತ್ತು. ಅದಕ್ಕೆ ಬೇರೆಯಾಗಿ ಹೇಳಬೇಕಂತೆ. ಹೇಳಿದ. ಮುಂದಿನ ಇಮೇಲ್ ತಲೆಯಿಂದ ಕಾಲಿನವರೆಗೂ ಅಚ್ಚಗನ್ನಡದಲ್ಲಿ ಬಂತು. ದಾಕ್ಷಾಯಣಮ್ಮ ಉಸಿರುಬಿಟ್ಟರು.

ಮಹದೇವಯ್ಯ ಸಮಾಧಾನದಿಂದ ಓದತೊಡಗಿದವರು ಅರ್ಧದಲ್ಲೇ ನಿಂತರು.

— ಹೋಟೆಲ್ನಲ್ಲಿ ಅಡುಗೆಯವ್ನಾ? ನನ್ನ ಮಗಳು ಕಾಲೇಜಲ್ಲಿ ಕೆಮಿಸ್ಟ್ರಿ ಹೇಳ್ಕೊಡ್ತಾಳೆ ಕಣಮ್ಮ.

ಇದಕ್ಕಿಂತ ಓದಲಾಗದ್ದೇ ವಾಸಿಯಿತ್ತು ಎಂದುಕೊಂಡು ದಾಕ್ಷಾಯಣಮ್ಮ ಪ್ರಸನ್ನನನ್ನು ದುರುಗುಟ್ಟಿ ನೋಡಿದರು. ಮಹದೇವಯ್ಯ ಆಗಲೇ ಮಗಳಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ್ದರು.

— ಬಿಂದು, ಆ ಗಂಡು ಬೇಡ ಅಂತ ಹೇಳ್ಬುಡ್ತೀನಿ.

— ಹೇಳ್ಬೇಡಿ ಅಪ್ಪ. ನಾವು ಆಗ್ಲೇ ಮಾತಾಡಿದ್ವಿ.

ಓದಲು ಏನೂ ಸಿಗದೆ ಅವಳು ಆ ನಂಬರಿಗೇ ಫೋನ್ ಮಾಡಿದ್ದಳಂತೆ. ಅವಳ ವಿವರವೂ ಅವನಿಗೆ ಹಾಗೆಯೇ ಹೋಗಿತ್ತು. ಹೆಸರಿನಿಂದ ಹಿಡಿದು ಎಲ್ಲವನ್ನೂ ಒಬ್ಬರನ್ನೊಬ್ಬರು ಕೇಳಿಯೇ ತಿಳಿದುಕೊಂಡರಂತೆ. ಆಮೇಲೆ ಭೇಟಿಯೂ ಆಯಿತಂತೆ.

— ಏನ್ ಕೆಲ್ಸ ಅಂತ ಗೊತ್ತಾ ನಿಂಗೆ?

— ಅದನ್ನೇ ಮೊದ್ಲು ಹೇಳಿದ್ರು. ಬರೀ ವಿವರ ಓದಿದ್ದಿದ್ರೆ ನಾನೂ ಬೇಡ ಅಂತಿದ್ನೇನೋ. ನಂಗೆ ಒಪ್ಗೆ ಅಪ್ಪ.

ಮಹದೇವಯ್ಯ ಸ್ಪೀಕರ್ ಆರಿಸಿ, ಫೋನನ್ನು ಕಿವಿಗಿಟ್ಟು ಗೋಡೆಯ ಕಡೆ ತಿರುಗಿದರು. ದಾಕ್ಷಾಯಣಮ್ಮ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ಕಿವಿಗೊಟ್ಟರು. ಮಹದೇವಯ್ಯ ದನಿ ತಗ್ಗಿಸಿ ಮಗಳನ್ನು ಕೇಳಿದರು:

— ಉಪ್ಸಾರು ಮಾಡಕ್ಕೆ ಬರುತ್ತಂತಾ?