ಬಾಕಿ ಇಲ್ಲದ ಕಚೇರಿ

ಇದನ್ನು ಬರೆಯಲು ಕುಳಿತದ್ದು ೧೯೫೭ನೆಯ ಇಸವಿ ಜನವರಿ ಇಪ್ಪತ್ನಾಲ್ಕು, ಗುರುವಾರ, ಬೆಳಗಿನ ಆರೂವರೆ ಗಂಟೆಗೆ. ಶಿರಹಟ್ಟಿಯ ನನ್ನ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಕಪ್ಪತಗುಡ್ಡ ಇನ್ನೂ ಮಂಜು ಹೊದ್ದು ಮಲಗಿದೆ. ಮನುಷ್ಯರಿಗೆ ಒಂದೊಂದು ಚಟ ಇರುತ್ತದೆ. ಕೆಲವರು ನಶ್ಯ ಏರಿಸುತ್ತಾರೆ, ಕೆಲವರು ಎಲೆ-ಅಡಿಕೆ ಹಾಕುತ್ತಾರೆ, ನಮ್ಮ ಹೆಡ್ ಕಾರಕೂನ ಗುರುಪಾದಪ್ಪನವರು ಎರಡನ್ನೂ ಮಾಡುತ್ತಾರೆ. ನನ್ನ ಚಟ ಇವಕ್ಕಿಂತ ಕೆಟ್ಟದ್ದು. ಹಿಡಿದ ಕೆಲಸವನ್ನು ಮುಗಿಸಿಬಿಡುವುದು. ಮುಗಿದದ್ದರ ಕೆಳಗೆ ಒಂದು ಗೆರೆ ಎಳೆದು, ತಾರೀಖು ಬರೆದು, ತಲೆ ಓರೆ ಮಾಡಿ ನೋಡಿದರೇನೇ ನನಗೆ ಆ ದಿನದ ಊಟ ರುಚಿಸುವುದು. ಅಡರಕಟ್ಟಿಯಲ್ಲಿ ಚಿಕ್ಕವನಿದ್ದಾಗ ಅವ್ವ ಶೇಂಗಾ ಸುಲಿಯಲು ಕೂರಿಸಿದರೆ, ಒಂದು ಕಾಳೂ ಬಾಯಿಗೆ ಹಾಕಿಕೊಳ್ಳದೆ ಸುಲಿದು ಮುಗಿಸುತ್ತಿದ್ದ ಹುಡುಗ ಓಣಿಗೆ ನಾನೊಬ್ಬನೇ. “ಈ ಹುಡುಗಗ ಏನೋ ಆಗೇತಿ, ಯಾರಿಗರ ತೋರಸ್ಬೇಕು” ಎಂದು ಅವ್ವ ನೆರೆಯವರ ಮುಂದೆ ಕಣ್ಣೊರೆಸಿಕೊಂಡಿದ್ದಳಂತೆ. ಇಂಥವನಿಗೆ ಸರ್ಕಾರಿ ನೌಕರಿ ಹೇಳಿ ಮಾಡಿಸಿದ್ದೆಂದು ನೀವು ಅಂದುಕೊಳ್ಳಬಹುದು. ಕಳೆದ ತಿಂಗಳವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ನಾನು ಈ ಊರಿನ ಒಂದು ಕಚೇರಿಯಲ್ಲಿ ಹಂಗಾಮಿ ಕಾರಕೂನ. ಯಾವ ಖಾತೆ ಎಂದು ಹೇಳುವಂತಿಲ್ಲ. ಹೇಳಲು ಮೇಲಿನವರ ಪರವಾನಗಿ ಬೇಕು, ಪರವಾನಗಿಗೆ ಅರ್ಜಿ ಬರೆಯಬೇಕು, ಆ ಅರ್ಜಿಯನ್ನು ದಾಖಲು ಮಾಡಿಕೊಳ್ಳಬೇಕಾದವನೂ ನಾನೇ. ಹಂಗಾಮಿ ಎಂದರೆ ಕುರ್ಚಿಯಲ್ಲಿ ನಾವು ಕುಳಿತಿರುತ್ತೇವೆ, ಕುರ್ಚಿ ಮಾತ್ರ ನಮ್ಮದಲ್ಲ. ವರ್ಷಕ್ಕೊಮ್ಮೆ ಮಾರ್ಚ್ ಅಖೇರಿಗೆ ಅದನ್ನು ನಮಗೆ ಮತ್ತೆ ಕೊಡುತ್ತಾರೆ, ಇಲ್ಲವೇ ಕೊಡುವುದಿಲ್ಲ. ನಾನು ಶಾಲೆಯಲ್ಲಿದ್ದಾಗ ಶಿರಹಟ್ಟಿ ಸಂಸ್ಥಾನದ್ದಾಗಿತ್ತು. ಕೆಲಸಕ್ಕೆ ಸೇರುವಾಗ ಮುಂಬಯಿ ಸರ್ಕಾರದ್ದು. ಹೋದ ನವೆಂಬರದಿಂದ ಮೈಸೂರು ರಾಜ್ಯದ್ದು. ಮೂರು ಸರ್ಕಾರಗಳು ಬಂದರೂ ನಮ್ಮ ಕಚೇರಿಯಲ್ಲಿ ನನ್ನ ಪಕ್ಕದ ಒಂದು ಕುರ್ಚಿ ಖಾಲಿಯೇ ಉಳಿದಿತ್ತು. ಮಂಜೂರಾದ ಜಾಗ, ಮನುಷ್ಯನಿಲ್ಲ. ಅದರ ಮೇಲೆ ನಾವು ಟೋಪಿ, ಛತ್ರಿ, ಊಟದ ಗಂಟು ಇಡುತ್ತಿದ್ದೆವು. ಅದರ ಪಾಲಿನ ಕಾಗದಗಳು ಮಾತ್ರ ಯಾರಿಗಾಗಿಯೂ ಕಾಯದೆ ಬಂದು ಬೀಳುತ್ತಿದ್ದವು. ಮಧ್ಯಾಹ್ನ ಊಟವಾದ ಮೇಲೆ, ಬಿಸಿಲು ಕಿಟಕಿಯ ಸರಳುಗಳನ್ನು ನೆಲದ ಮೇಲೆ ಉದ್ದಕ್ಕೆ ಚಾಚುವ ಹೊತ್ತಿನಲ್ಲಿ, ನಾನು ಆ ಕುರ್ಚಿಗೆ ಬರಬೇಕಾದವನನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಮುಂಡರಗಿಯ ಕಡೆಯವನು, ಸ್ವಲ್ಪ ದಪ್ಪ, ಸಣ್ಣಗೆ ಹಾಡಿಕೊಳ್ಳುವ ಅಭ್ಯಾಸ. ಅವನೊಡನೆ ಎಷ್ಟೋ ಸಂಜೆ ಮಾತಾಡುತ್ತ ಗುಡ್ಡದವರೆಗೂ ನಡೆದುಹೋಗಿ ಬಂದಿದ್ದೇನೆ. ಒಂದೆರಡು ಸಲ ಜಗಳವೂ ಆಗಿದೆ.

ನನಗೆ ಆ ಕುರ್ಚಿ ತುಂಬುವುದಕ್ಕಿಂತ ನನ್ನ ಕುರ್ಚಿ ಖಾಯಂ ಆಗುವುದು ಹೆಚ್ಚು ಅವಸರದ್ದಾಗಿತ್ತು. ಕೊರ್ಲಹಳ್ಳಿಯಲ್ಲಿ ನನ್ನ ಸೋದರಮಾವನಿದ್ದಾನೆ, ಅವನಿಗೆ ನೀಲವ್ವ ಎಂಬ ಮಗಳಿದ್ದಾಳೆ. ಹೋದ ದೀಪಾವಳಿಯಲ್ಲಿ ಮಾವ ನನ್ನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಮಾತು ತೆಗೆದ.

“ನೋಡು ಅಳಿಯಾ, ಖಾಯಂ ಹುಕುಮ್ ತೊಗೊಂಡು ಬಾ, ಮರುದಿನಾನ ಅಕ್ಕಿಕಾಳು ಹಾಕಸ್ತೀನಿ. ಹಂಗಾಮಿಗೆ ಹೆಣ್ಣು ಕೊಟ್ರ ಮಾರ್ಚ್ ಅಖೇರಿಗೆ ಇಬ್ಬರೂ ಗಂಟು ಕಟಗೊಂಡು ನನ್ನ ಮನಿಗೇ ಬರ್ತೀರಿ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. “ಅಪ್ಪಾ, ಹಂಗಾಮಿ ಅಂದ್ರ ವರ್ಷಾ ವರ್ಷಾ ಹೊಸದಾಗಿ ಲಗ್ನ ಮಾಡ್ಕೋಬೇಕೇನು?” ಎಂದು ನೀಲವ್ವ ಕೇಳಿದಳು. ಮತ್ತೆ ರೊಟ್ಟಿಯ ಸದ್ದು. ಅಂದು ಸಂಜೆ ತುಂಗಭದ್ರೆಯ ದಂಡೆಯಲ್ಲಿ ಕುಳಿತು ನೋಡಿದೆ. ನೀರು ತನಗೆ ಯಾವ ಹುಕುಮೂ ಬೇಡವೆಂಬಂತೆ ಹರಿಯುತ್ತಿತ್ತು. ಆಚೆ ದಡದ ದೀಪಗಳಲ್ಲಿ ಒಂದನ್ನು ಆರಿಸಿಕೊಂಡು, ಅದು ನಮ್ಮಿಬ್ಬರ ಮನೆಯದೆಂದು ನನ್ನ ದಿನಚರಿಯಲ್ಲಿ ಬರೆದುಕೊಂಡೆ.

ನಮ್ಮ ಕಚೇರಿಯ ಕಾರಕೂನರ ಸಂಘ ಹುಟ್ಟಿದ್ದು ಅದೇ ದಿನಗಳಲ್ಲಿ. ಹುಟ್ಟಿಸಿದವರು ಹಿರಿಯ ಕಾರಕೂನ ಮೀರಾಸಾಬರು. ಅವರ ಮೈದುನ ಗದಗಿನ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಯ ಕೂಲಿಕಾರರು ಕೆಂಪು ನಿಶಾನೆ ಹಿಡಿದು ಬೆಟಗೇರಿಯವರೆಗೆ ಮೆರವಣಿಗೆ ಹೋದದ್ದನ್ನು ನೋಡಿ ಬಂದ ದಿನದಿಂದ ಮೀರಾಸಾಬರಿಗೆ ನಿದ್ದೆ ಹತ್ತಿರಲಿಲ್ಲ. ಕಚೇರಿಯ ಹಿಂದಿನ ಬೇವಿನ ಗಿಡದ ಕೆಳಗೆ ನಾವು ಐವರೂ ಸೇರಿದೆವು. ಸರ್ಕಾರಿ ನೌಕರರು ಘೋಷಣೆ ಕೂಗಬಹುದೇ ಎಂಬುದರ ಮೇಲೆ ಬಹಳ ಚರ್ಚೆ ಆಯಿತು.

“ಗಿರಣಿಯವರು ಜಿಂದಾಬಾದ್ ಅಂತಾರ್ರಿ. ನಾವು?” ಎಂದರು ಮೀರಾಸಾಬರು.

“ನಾವು ‘ಸವಿನಯ ವಿನಂತಿ’ ಅನ್ನೂಣು” ಎಂದರು ಗುರುಪಾದಪ್ಪನವರು, ನಶ್ಯದ ಡಬ್ಬಿ ತೆರೆಯುತ್ತ. “ಅದನ್ನ ಗಟ್ಟ್ಯಾಗಿ ಅನ್ನಾಕ ಬರೂದಿಲ್ಲ, ಅದೊಂದು ಚಲೋ ಆತು.”

ಆದರೂ ಒಮ್ಮೆಯಾದರೂ ಕೂಗಿ ನೋಡಬೇಕೆಂಬ ಆಸೆ ಎಲ್ಲರಿಗೂ ಇತ್ತು. ಒಂದು ಸಂಜೆ ಊರ ಹೊರಗೆ ಜೋಳದ ಹೊಲಗಳ ನಡುವೆ ಹೋಗಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಜಿಂದಾಬಾದ್ ಎಂದೆವು. ಮೇಯುತ್ತಿದ್ದ ಎಮ್ಮೆಯೊಂದು ತಲೆಯೆತ್ತಿ ನೋಡಿತು. ಗುರುಪಾದಪ್ಪನವರು ತಟ್ಟನೆ ಟೋಪಿ ಸರಿಮಾಡಿಕೊಂಡರು.

ಕೊನೆಗೆ ಅರ್ಜಿಯನ್ನು ನಾನು ಬರೆದೆ. ಬೇಡಿಕೆ ಎರಡೇ: ಖಾಲಿ ಜಾಗ ತುಂಬಬೇಕು, ಹಂಗಾಮಿಯವನನ್ನು ಖಾಯಂ ಮಾಡಬೇಕು. ನಿಯಮದ ಪ್ರಕಾರ ಅರ್ಜಿ ಹೆಡ್ ಕಾರಕೂನರ ಮೂಲಕವೇ ಮೇಲೆ ಹೋಗಬೇಕು. ಆದ್ದರಿಂದ ಗುರುಪಾದಪ್ಪನವರು ಬೆಳಿಗ್ಗೆ ಸಂಘದ ಉಪಾಧ್ಯಕ್ಷರಾಗಿ ಅದಕ್ಕೆ ಸಹಿ ಹಾಕಿದರು. ಮಧ್ಯಾಹ್ನ ಹೆಡ್ ಕಾರಕೂನರಾಗಿ ಓದಿ, “ಅರ್ಜಿದಾರರು ಸಮರ್ಪಕ ಕಾರಣ ಕೊಟ್ಟಿಲ್ಲ” ಎಂದು ಷರಾ ಬರೆದು ನಮಗೇ ತಿರುಗಿ ಕೊಟ್ಟರು. ಮೀರಾಸಾಬರು ಕುದಿದುಹೋದರು.

“ಮುಂಜಾನಿ ನೀವ ಸಹಿ ಮಾಡೀರಲ್ರಿ!”

“ಮುಂಜಾನಿ ಮಾಡಿದವ ಬ್ಯಾರೇ ಮನಷ್ಯಾ. ಅವನ ಮ್ಯಾಲೆ ನನಗೂ ಸಿಟ್ಟು ಬಂದೈತಿ.”

ಕಾರಣ ಸೇರಿಸಿದೆವು. ಸಿಬ್ಬಂದಿ ಸಾಲದೆ ಬಾಕಿ ಕೆಲಸ ಬೆಟ್ಟದಂತೆ ಬೆಳೆದಿದೆ, ಬಂದು ನೋಡಬೇಕು, ಎಂದು. ಅದು ಖರೆಯೂ ಆಗಿತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಕಟ್ಟುಗಳು ಮೇಜುಗಳನ್ನು ದಾಟಿ, ನೆಲದ ಮೇಲಿಂದ ಏರಿ, ಕಿಟಕಿಯ ಅರ್ಧದವರೆಗೆ ಬಂದಿದ್ದವು. ನನ್ನ ಮೇಜಿನ ಮೇಲೂ ಇದ್ದವು. ಒಬ್ಬನ ಚಟ ಎಷ್ಟು ಜನರ ಕೆಲಸಕ್ಕೆ ಸಾಕಾದೀತು? ಡಿಸೆಂಬರದಲ್ಲಿ ಖಬರ ಬಂತು: ಹೊಸ ರಾಜ್ಯದ ಕಚೇರಿಗಳ ಸಿಬ್ಬಂದಿ ನೋಡಲು ಬೆಂಗಳೂರಿನಿಂದ ಸಾಹೇಬರೊಬ್ಬರು ಸೋಮವಾರ ಬರುತ್ತಾರೆ. ಶನಿವಾರ ಸಂಜೆ ಬೇವಿನ ಗಿಡದ ಕೆಳಗೆ ಠರಾವು ಆಯಿತು. ಯಾರೂ ಒಂದು ಕಟ್ಟನ್ನೂ ಮುಟ್ಟಬಾರದು. ಧೂಳು ಕೂಡ ಝಾಡಿಸಬಾರದು. “ಕಟ್ಟುಗಳೇ ನಮ್ಮ ಸಾಕ್ಷಿ” ಎಂದರು ಮೀರಾಸಾಬರು. ಎಲ್ಲರೂ ಕೈ ಎತ್ತಿದೆವು.

ರವಿವಾರ ಬೆಳಿಗ್ಗೆ ನನಗೆ ಕೋಣೆಯಲ್ಲಿ ಕೂರಲು ಆಗಲಿಲ್ಲ. ಸಾಹೇಬರು ಬರುತ್ತಾರೆಂದರೆ ಗೋಡೆಗೆ ಸುಣ್ಣ, ಬಾಕಿಗೆ ಮುಕ್ತಿ. ನಮ್ಮ ಕಡೆಯ ಕಚೇರಿಗಳಲ್ಲಿ ಸಂಸ್ಥಾನದ ಕಾಲದಿಂದ ನಡೆದುಬಂದ ರೂಢಿ ಅದು. ಅದರ ಮೇಲೆ ಬರುವವರು ಬೆಂಗಳೂರಿನವರು. ಮುಂಬಯಿ ಸರ್ಕಾರದಿಂದ ಬಂದ ಈ ಕಡೆಯ ಮಂದಿಗೆ ಕೆಲಸ ಗೊತ್ತಿಲ್ಲವೆಂದು ಹೋಗಿ ಹೇಳಿಬಿಟ್ಟರೆ? ನನ್ನ ಮೇಜೊಂದನ್ನು ಚೊಕ್ಕಟ ಮಾಡಿದರೆ ಸಂಘಕ್ಕೆ ಏನೂ ಆಗುವುದಿಲ್ಲ, ಉಳಿದವರ ಕಟ್ಟುಗಳು ಇದ್ದೇ ಇವೆ, ಎಂದುಕೊಳ್ಳುತ್ತ ಕಚೇರಿಗೆ ಹೋದೆ. ಬಾಗಿಲಿಗೆ ಕೀಲಿ ಹಾಕಿರಲಿಲ್ಲ. ಒಳಗೆ ಕಪಾಟಿನ ಮರೆಯಲ್ಲಿ ಸಂಘದ ಅಧ್ಯಕ್ಷರು ಕಾಲು ಮಡಚಿ ಕುಳಿತು ಬರೆಯುತ್ತಿದ್ದರು.

“ಬಾಗಲಾ ಹಾಕ್ಕೊಳ್ಳೋ ತಮ್ಮಾ” ಎಂದರು ಮೀರಾಸಾಬರು ಪಿಸುದನಿಯಲ್ಲಿ. “ಛತ್ರಿ ಮರ್ತೀನಿ ಅಂತ ಹೇಳಿ ಗುರುಪಾದಪ್ಪಗೋಳ ಮನ್ಯಾಗಿಂದ ಕೀಲಿಕೈ ತಂದೀನಿ. ಬರೇ ನಂದಷ್ಟ ಮುಗಸ್ತೀನಿ. ಸಾಕ್ಷಿಗೆ ನಿಮ್ಮ ಕಟ್ಟು ಅದಾವಲ್ಲ.”

“ನಾನೂ ನಿಮ್ಮ ಕಟ್ಟು ನಂಬೇ ಬಂದೀನ್ರಿ.”

ಅವರು ಮಸಿಯ ದೌತಿಯನ್ನು ನನ್ನ ಕಡೆಗೆ ಸರಿಸಿದರು. ಅಷ್ಟರಲ್ಲಿ ಉಳಿದ ಇಬ್ಬರು ಕಾರಕೂನರೂ, ಒಬ್ಬ ಮುಂಬಾಗಿಲಿನಿಂದ, ಒಬ್ಬ ಹಿಂಬಾಗಿಲಿನಿಂದ, ಏನನ್ನೋ ಮರೆತವರಂತೆ ಬಂದರು. ಕೊನೆಗೆ ಕೀಲಿಕೈ ಏಕೆ ತಿರುಗಿ ಬರಲಿಲ್ಲವೆಂದು ಗದರುತ್ತ ಗುರುಪಾದಪ್ಪನವರು. ಅವರ ಕಂಕುಳಲ್ಲಿ ಎರಡು ಕಟ್ಟುಗಳಿದ್ದವು. ಶನಿವಾರವೇ ಮನೆಗೆ ಒಯ್ದು ಮುಗಿಸಿಬಿಟ್ಟಿದ್ದರು.

ಅದರ ಮೇಲೆ ಯಾರೂ ಠರಾವಿನ ಮಾತೆತ್ತಲಿಲ್ಲ. ಅಂಥ ದಿನವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಬದನೆಕಾಯಿ ಬಜಿ, ಚುರಮುರಿ ತರಿಸಿದೆವು. ಕಾಗದದ ಮೇಲೆ ಓಡುವ ಟಾಕುಗಳ ಸದ್ದು ದೂರದಲ್ಲೆಲ್ಲೋ ಸಣ್ಣ ಮಳೆ ಬಿದ್ದಂತೆ ಕೇಳುತ್ತಿತ್ತು. ಝಾಡಿಸಿದ ಧೂಳು ಬಿಸಿಲುಕೋಲಿನಲ್ಲಿ ಬಂಗಾರವಾಗಿ ತೇಲುತ್ತಿತ್ತು. ಯಾವುದೋ ಕಾಲದಲ್ಲಿ ಬಾವಿಗೆ ಹಗ್ಗ ಬೇಕೆಂದು ಕೇಳಿದವರಿಗೆ ಹಗ್ಗ ಮಂಜೂರಾಯಿತು. ಬಾವಿ ಈಗ ಇದೆಯೋ ಇಲ್ಲವೋ ತಿಳಿಯದು. ನನ್ನದು ಮುಗಿಸಿದ ಮೇಲೆ ಖಾಲಿ ಕುರ್ಚಿಯ ಪಾಲಿನ ಕಟ್ಟುಗಳು ಕಂಡವು. ಮುಂಡರಗಿಯ ಆ ದಪ್ಪ ಗೆಳೆಯ ಪಕ್ಕದಲ್ಲಿ ಕುಳಿತು ಸಣ್ಣಗೆ ಹಾಡುತ್ತಿದ್ದಾನೆ ಎಂಬ ಗುಂಗಿನಲ್ಲಿ ಅವನ್ನೂ ಒಂದೊಂದಾಗಿ ಬಿಚ್ಚಿದೆ. ದೀಪ ಹಚ್ಚುವ ಹೊತ್ತಿಗೆ ಎಲ್ಲದರ ಕೆಳಗೂ ಗೆರೆ ಎಳೆದಾಗಿತ್ತು.

ಸೋಮವಾರ ಬಂದ ಸಾಹೇಬರು ಮೃದು ಸ್ವಭಾವದವರು. ಮೇಜಿನ ಮೇಲೆ ಬೆರಳಾಡಿಸಿ ನೋಡಿಕೊಂಡರು. ಮೀರಾಸಾಬರು ಅರ್ಜಿ ಕೊಟ್ಟರು. ಸಾಹೇಬರು ಓದಿ, ಕನ್ನಡಕ ತೆಗೆದು ಒರೆಸಿ, ಸುತ್ತ ನೋಡಿದರು.

“ಬೆಟ್ಟದಂತೆ ಬೆಳೆದಿದೆ ಅಂತ ಬರೆದಿದೀರಲ್ಲಾ, ಎಲ್ರೀ ಅದು?”

ಗಾಬರಿಯಲ್ಲಿ ಮೀರಾಸಾಬರು ಕಿಟಕಿಯಾಚೆಯ ಕಪ್ಪತಗುಡ್ಡದ ಕಡೆಗೆ ಕೈ ತೋರಿಸಿಬಿಟ್ಟರು. ನಿನ್ನೆಯ ಸಂಗತಿ ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ. ರಜೆಯ ದಿನ ಪರವಾನಗಿ ಇಲ್ಲದೆ ಕಚೇರಿ ತೆರೆದದ್ದು ಅಪರಾಧವಲ್ಲವೇ? ಗುರುಪಾದಪ್ಪನವರು ನನ್ನ ಕಾಲು ತುಳಿದರು.

“ನಮ್ಮ ಕಡೆ ಇದರ ಎರಡರಷ್ಟು ಜನ ಇದ್ರೂ ಇಷ್ಟು ಅಚ್ಚುಕಟ್ಟು ಕಂಡಿಲ್ಲ ನಾನು” ಎಂದರು ಸಾಹೇಬರು ಮನಸಾರೆ. “ಇನ್ನೂ ಜನ ಕೊಟ್ಟು ಈ ಶಿಸ್ತನ್ನ ಯಾಕೆ ಕೆಡಿಸಬೇಕು, ಹೇಳಿ?”

ಜನವರಿಯ ಮೊದಲ ವಾರವೇ ಹುಕುಮ್ ಬಂತು. ಸರ್ಕಾರದಿಂದ ಇಷ್ಟು ಬೇಗ ಉತ್ತರ ಬಂದದ್ದನ್ನು ನಾನು ಕಂಡಿಲ್ಲ. ಅಲ್ಲಿಯೂ ನನ್ನಂಥ ಚಟದವನೊಬ್ಬ ಇರಬೇಕು. ಕಚೇರಿಗೆ ಶಾಭಾಸಕಿ. ಖಾಲಿ ಜಾಗ ರದ್ದು. ಹಂಗಾಮಿ ಜಾಗವೂ ಅನಾವಶ್ಯಕ, ಮಾರ್ಚ್ ಅಖೇರಿಗೆ ಮುಗಿಸುವುದು. ಅದರ ಕೆಳಗೆ, ದಾಖಲೆಗಳನ್ನು ಇಷ್ಟು ಅಂದವಾಗಿ ಇಟ್ಟ ಹಂಗಾಮಿ ಕಾರಕೂನ ಮಲ್ಲಪ್ಪ ಇತರರಿಗೆ ಮಾದರಿ, ಎಂದು ನನ್ನ ಹೆಸರು ಹಿಡಿದು ಒಂದು ಸಾಲು. ಮೀರಾಸಾಬರು ನನ್ನ ಹೆಗಲ ಮೇಲೆ ಕೈಯಿಟ್ಟು, “ಬಿಡೂದಿಲ್ಲೋ ತಮ್ಮಾ, ಹೋರಾಟ ಮಾಡೂಣು. ಸವಿನಯ ವಿನಂತಿ ಅಂತ ಇನ್ನೊಂದು ಬರಿ” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಬರೆದೆ. ಅಂದೇ ಮುಗಿಸಿದೆ.

ಸಂಕ್ರಾಂತಿಗೆ ಕೊರ್ಲಹಳ್ಳಿಗೆ ಹೋದೆ. ನದಿಯ ದಂಡೆಯಲ್ಲಿ ಎಲ್ಲರೂ ಸಜ್ಜಿ ರೊಟ್ಟಿಯ ಬುತ್ತಿ ಬಿಚ್ಚಿ ಕುಳಿತಿದ್ದಾಗ ಮಾವನಿಗೆ ಹುಕುಮ್ ಓದಿ ಹೇಳಿದೆ. ಅವನು ಕೈಯಲ್ಲಿದ್ದ ರೊಟ್ಟಿ ಇಳಿಸಿದ.

“ಚಲೋ ಕೆಲಸಾ ಮಾಡಿದ್ದಕ್ಕ ಮನಿಗೆ ಕಳಸ್ತಾರೇನೋ? ಕೆಟ್ಟ ಮಾಡಿದ್ರ ಏನ್ ಮಾಡ್ತಿದ್ರು?”

“ಖಾಯಂ ಮಾಡ್ತಿದ್ರು ಮಾವಾ.”

ನನ್ನ ರೊಟ್ಟಿಯ ಮೇಲೆ ನೀಲವ್ವ ಶೇಂಗಾ ಚಟ್ನಿ ಹಾಕಿ, ನನ್ನ ಕಡೆ ನೋಡದೆಯೇ, “ಯುಗಾದಿತನಾ ತಡಿಯಪ್ಪಾ. ಇನ್ನೊಂದು ಕಚೇರಿ ಸಿಕ್ಕೀತು. ಆದ್ರ ಅಲ್ಲಿ ಸಾವಕಾಶ ಕೆಲಸಾ ಮಾಡಾಕ ಹೇಳು ಇವರಿಗೆ” ಎಂದಳು. ಮಾವ ಯುಗಾದಿಯವರೆಗೆ ಒಪ್ಪಿದ್ದಾನೆ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಬೇಡಿಕೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲಿಯಾದರೂ ಸರಿ, ಒಂದು ಜಾಗ ಖಾಲಿ ಇದ್ದು, ಬಾಕಿ ಕೆಲಸ ಛಾವಣಿ ಮುಟ್ಟಿರುವ ಕಚೇರಿಯ ಸುಳಿವು ನಿಮಗೆ ಗೊತ್ತಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಬರೆದು ತಿಳಿಸಿ. ನಾನು ನಿಧಾನವಾಗಿ ದುಡಿಯುತ್ತೇನೆಂದು ನೀಲವ್ವನಿಗೆ ಮಾತು ಕೊಟ್ಟಿದ್ದೇನೆ, ಅಭ್ಯಾಸವನ್ನೂ ಶುರು ಮಾಡಿದ್ದೇನೆ: ಈ ಬರಹವನ್ನು ಎರಡು ದಿನ ಬರೆಯಬೇಕೆಂದು ಠರಾಯಿಸಿದ್ದೆ. ಇನ್ನೂ ಎಂಟು ಗಂಟೆ ಹೊಡೆದಿಲ್ಲ, ಮುಗಿದೇಬಿಟ್ಟಿತು.