ಸುಧಾಮಣಿಯವರ ಭವಿಷ್ಯ, ಸುಮೇರು ಅಪಾರ್ಟ್‌ಮೆಂಟಿನ ಲಿಫ್ಟು

ಪದ್ಮನಾಭನಗರದ ಸುಮೇರು ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘವು ಅಂಗೀಕರಿಸಿದ ಯಾವ ನಿರ್ಣಯವೂ ಈವರೆಗೆ ತಪ್ಪಾದ ದಾಖಲೆಯಿಲ್ಲ. ತಪ್ಪನ್ನು ದಾಖಲಿಸುವ ಪದ್ಧತಿ ಸಂಘದಲ್ಲಿಲ್ಲ.

ನಾಲ್ಕನೇ ಮಹಡಿಯ ಸುಧಾಮಣಿಯವರಿಗೆ ಫುಟ್‌ಬಾಲ್ ಜ್ಞಾನ ಅಷ್ಟಕ್ಕಷ್ಟೆ. ಚೆಂಡನ್ನು ಕೈಯಲ್ಲಿ ಮುಟ್ಟಬಾರದೆಂಬುದು ಗೊತ್ತು, ಗೋಲ್‌ಕೀಪರ್ ಮುಟ್ಟಿದಾಗಲೆಲ್ಲ "ಅಯ್ಯೋ, ಔಟು!" ಎನ್ನುತ್ತಿದ್ದರು. ಅವರ ಚಿಂತೆಯೆಲ್ಲ ಲಿಫ್ಟಿನದು. ಸಂಕ್ರಾಂತಿಗೆ ಕೆಟ್ಟದ್ದು ಯುಗಾದಿ ಕಳೆದರೂ ಮೇಲೇಳಲಿಲ್ಲ. ಮೆಟ್ಟಿಲು ಕಂಡರೆ ಅವರ ಮೊಣಕಾಲು ಅಳುತ್ತಿತ್ತು.

ದೂರು ಕೊಡಲು ಹೋದ ಸಂಜೆ ಸಂಘದ ಕಚೇರಿಯಲ್ಲಿ ಆ ರಾತ್ರಿಯ ಫುಟ್‌ಬಾಲ್ ಸೆಮಿಫೈನಲ್ ಯಾರು ಗೆಲ್ಲುತ್ತಾರೆಂದು ಜಗಳ ನಡೆದಿತ್ತು. ಬೇಗ ಮುಗಿಯಲಿ ಎಂದು ಸುಧಾಮಣಿ, "ಆ ನೀಲಿ ಅಂಗಿಯವರೇ ಗೆಲ್ತಾರೆ ಬಿಡಿ" ಎಂದರು. ನೀಲಿಯವರು ಗೆದ್ದುಬಿಟ್ಟರು.

ಮರುದಿನವೇ ಕಾರ್ಯದರ್ಶಿ ಚಲುವರಾಜು ಏದುಸಿರು ಬಿಡುತ್ತ ಮೇಲೆ ಬಂದರು.

"ಮೇಡಂ, ನಿಮ್ಮನ್ನ ಭವಿಷ್ಯ ಉಪಸಮಿತಿ ಅಧ್ಯಕ್ಷೆ ಮಾಡಿದೀವಿ. ಫೈನಲ್ ಯಾರದು?"

"ಲಿಫ್ಟ್ ಯಾವಾಗ ರೆಡಿಯಾಗತ್ತೆ ಸಾರ್?"

"ಅಜೆಂಡಾದಲ್ಲಿ ಮೊದಲು ಫೈನಲ್ ಇದೆ. ಅದು ಮುಗಿದ್ರೆ ಲಿಫ್ಟೇ."

"ಹಾಗಾದ್ರೆ ನೀಲಿ ಅಂತಲೇ ಬರ್ಕೊಳ್ಳಿ."

ಸಾಮಾನ್ಯ ಸಭೆಯು ನೀಲಿ ತಂಡದ ಗೆಲುವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಲಿಫ್ಟಿಗೆಂದು ಎತ್ತಿಟ್ಟ ನಿಧಿಯಿಂದ ದೊಡ್ಡ ಪರದೆಯೂ ಮೈಸೂರುಪಾಕೂ ಬಂದವು.

ಫೈನಲ್‌ನಲ್ಲಿ ಕೆಂಪು ತಂಡ ಮೂರು ಗೋಲು ಹೊಡೆಯಿತು. ನೀಲಿಯದು ಸೊನ್ನೆ. ಲಿಫ್ಟು ಕೈತಪ್ಪಿತೆಂದೇ ಸುಧಾಮಣಿ ಅಂದುಕೊಂಡರು. ಬೆಳಿಗ್ಗೆ ನೋಟೀಸ್ ಬೋರ್ಡಿನಲ್ಲಿ ಪ್ರಕಟಣೆಯಿತ್ತು:

"ಕೆಂಪು ತಂಡವು ಸಂಘದ ಪೂರ್ವಾನುಮತಿಯಿಲ್ಲದೆ ಗೆದ್ದಿರುವುದರಿಂದ ಸದರಿ ಗೆಲುವನ್ನು ಪರಿಗಣಿಸಲಾಗಿಲ್ಲ. ನೀಲಿ ತಂಡಕ್ಕೆ ಅಭಿನಂದನೆಗಳು. ನಿವಾಸಿಗಳು ಮೈಸೂರುಪಾಕು ಪಡೆಯತಕ್ಕದ್ದು."

ಎಲ್ಲರೂ ಪಡೆದರು. ಕೆಂಪು ತಂಡದ ಕಟ್ಟಾ ಅಭಿಮಾನಿ, ಎರಡನೇ ಮಹಡಿಯ ವಸಿಷ್ಠ, ಎರಡು ತುಂಡು ಪಡೆದ.

"ಈಗ ಲಿಫ್ಟು?" ಸುಧಾಮಣಿ ಕೇಳಿದರು.

"ಅದನ್ನೂ ನೀವೇ ಹೇಳ್ಬಿಡಿ ಮೇಡಂ," ಎಂದರು ಚಲುವರಾಜು. "ನಿಮ್ಮ ಮಾತು ಸುಳ್ಳಾಗಲ್ಲ."

ಸುಧಾಮಣಿಯವರಿಗೆ ಸಿಟ್ಟು ನೆತ್ತಿಗೇರಿತು. "ಸೋಮವಾರ ಸರಿಹೋಗತ್ತೆ, ಬರ್ಕೊಳ್ಳಿ!"

ಬರೆದುಕೊಂಡರು. ಅಂಗೀಕಾರವೂ ಆಯಿತು.

ಸೋಮವಾರ, ಅಲುಗದ ಲಿಫ್ಟಿನ ಬಾಗಿಲಿಗೆ ಸೇವಂತಿಗೆ ಹಾರ ಬಿತ್ತು. ಪಕ್ಕದಲ್ಲೇ ಫಲಕ: "ಲಿಫ್ಟ್ ಚಾಲನೆಯಲ್ಲಿದೆ. ಅನಗತ್ಯವಾಗಿ ಮೆಟ್ಟಿಲು ಬಳಸುವವರಿಗೆ ದಂಡ ವಿಧಿಸಲಾಗುವುದು."

ಸುಧಾಮಣಿ ತರಕಾರಿ ಚೀಲ ಹೊತ್ತು, ಕಂಬಿ ಹಿಡಿದು, ಮಹಡಿಗೊಮ್ಮೆ ಕೂತು, ಅಂತೂ ನಾಲ್ಕನೆಯದನ್ನು ಮುಟ್ಟಿದರು. ಎದುರುಮನೆಯ ವಿಭಾ ಬಾಗಿಲಲ್ಲಿದ್ದಳು.

"ಹೇಗೆ ಬಂದ್ರಿ ಆಂಟಿ?"

ಸುಧಾಮಣಿ ಆಚೀಚೆ ನೋಡಿ ಏದುಸಿರನ್ನು ಅದುಮಿಕೊಂಡರು. "ಲಿಫ್ಟಲ್ಲೇ ಕಣಮ್ಮ."

"ನಾನೂ ಅದರಲ್ಲೇ ಇಳೀತಿದೀನಿ," ಎಂದ ವಿಭಾ, ಸದ್ದಾಗದಂತೆ ಚಪ್ಪಲಿ ಕೈಗೆತ್ತಿಕೊಂಡು ಮೆಟ್ಟಿಲ ಕಡೆ ನಡೆದಳು.